ಸರಾಸರಿ ಮಳೆಯೂ ಒಂದು ಹೊಲವೂ

ಮುಂಡರಗಿ ತಾಲ್ಲೂಕಿನಲ್ಲಿ ವಾಡಿಕೆಗಿಂತ ಹೆಚ್ಚು ಮಳೆಯಾಯಿತೆಂಬ ವರದಿಯನ್ನು ಓದಿ, ತನ್ನ ಒಣ ಹೊಲವನ್ನು ನೋಡಿ ನಗುವ ರೈತನಿಗೆ ತರ್ಕಶಾಸ್ತ್ರವನ್ನು ಕಲಿಸಬೇಕಾಗಿಲ್ಲ. ಸಮಷ್ಟಿಗೆ ಸಲ್ಲುವ ಮಾತು ಪ್ರತಿಯೊಂದು ವ್ಯಷ್ಟಿಗೂ ಸಲ್ಲದೆಂಬುದನ್ನು ಅವನು ಬಲ್ಲನು. ಆದರೆ ಅವನ ಮಗನು ಮೊಬೈಲಿನಲ್ಲಿ 'ಮಿಡ್‌ಕ್ಯಾಪ್ ಸೂಚ್ಯಂಕ ಏರಿತು' ಎಂಬ ಸುದ್ದಿಯನ್ನು ಓದಿ, ಯಾರೋ ಹೇಳಿದ ಒಂದೇ ಕಂಪನಿಯ ಷೇರಿಗೆ ಹತ್ತಿ ಮಾರಿದ ಹಣವನ್ನು ಸುರಿಯುವಾಗ ಈ ತಿಳಿವಳಿಕೆ ಎಲ್ಲಿ ಅಡಗುತ್ತದೆಯೋ!

ಮಧ್ಯಮ ಗಾತ್ರದ ಕಂಪನಿ ಯಾವುದು? 2017ರಲ್ಲಿ ಸೆಬಿ ಮ್ಯೂಚುವಲ್ ಫಂಡುಗಳಿಗಾಗಿ ಇದನ್ನು ನಿಶ್ಚಯಿಸಿತು. ಕಂಪನಿಗಳನ್ನು ಅವುಗಳ ಒಟ್ಟು ಪೇಟೆ ಮೌಲ್ಯದ ಮೇರೆಗೆ ಸಾಲಾಗಿ ನಿಲ್ಲಿಸಿದರೆ 101ರಿಂದ 250ನೆಯ ಸ್ಥಾನದವರೆಗಿನವು ಮಧ್ಯಮದವು. ನಿಫ್ಟಿ ಮಿಡ್‌ಕ್ಯಾಪ್ 150 ಸೂಚ್ಯಂಕವು ಈ ವರ್ಗವನ್ನೇ ಅಳೆಯುತ್ತದೆ. ವರ್ಷಕ್ಕೆ ಎರಡು ಬಾರಿ ಪಟ್ಟಿಯ ಪರಿಷ್ಕರಣೆ. ಬೆಳೆದವು ಮೇಲಕ್ಕೆ ಹೋಗುತ್ತವೆ, ಸೊರಗಿದವು ಕೆಳಕ್ಕೆ ಬೀಳುತ್ತವೆ. ಹಮ್ಮಿಗಿಯ ಬಳಿಯ ತುಂಗಭದ್ರೆಯಂತೆ ಹೆಸರು ಹಳೆಯದು, ನೀರು ಹೊಸದು. ಕಂಪನಿ ಮುಳುಗಬಹುದು, ಸೂಚ್ಯಂಕ ಉಳಿಯುತ್ತದೆ. (ಕಾರ್ಮಿಕನ ಕೂಲಿ ಏರಿತೋ ಇಳಿಯಿತೋ ಎಂಬುದನ್ನು ಅದು ಅಳೆಯುವುದಿಲ್ಲ, ಆ ಮಾತು ಬೇರೆ.)

ನಮ್ಮ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇಂತಹ ಯಂತ್ರಗಳನ್ನು ತಯಾರಿಸುವ ಪುಣೆಯ ಸುಜ್ಲಾನ್ ಕಂಪನಿಯು 2005ರಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು. ದೊಡ್ಡವರ ನಿಫ್ಟಿ 50ರಲ್ಲಿಯೂ ಕೆಲಕಾಲ ಸ್ಥಾನ ಪಡೆದಿತ್ತು. 2012ರಲ್ಲಿ ವಿದೇಶೀ ಬಾಂಡುಗಳ ಸಾಲವನ್ನು ತೀರಿಸಲಾಗದೆ ಹೋಯಿತು. 2020ರ ಮಾರ್ಚಿನಲ್ಲಿ ಅದರ ಷೇರಿನ ಬೆಲೆ ಎರಡು ರೂಪಾಯಿಗೂ ಕಡಿಮೆ. 2024ರಲ್ಲಿ ಎಂಬತ್ತನ್ನು ದಾಟಿತು. ಎರಡು ರೂಪಾಯಿಗೆ ಕೊಂಡವನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಉತ್ತುಂಗದಲ್ಲಿ ಕೊಂಡು ತಳದಲ್ಲಿ ಮಾರಿದವನು ಸಂತೆಯಲ್ಲಿ ಬಾಯಿ ಬಿಡುವುದಿಲ್ಲ.

ಹಾಗಾದರೆ ಪಟ್ಟಿಯ ಎಲ್ಲ ಷೇರುಗಳನ್ನೂ ಪ್ರಮಾಣಾನುಸಾರ ಕೊಳ್ಳುವ ಇಂಡೆಕ್ಸ್ ಫಂಡು ಸಾಲದೇ ಎಂದು ಕೇಳುವವರುಂಟು. ಒಂದೇ ಕಂಪನಿಯನ್ನು ನಂಬುವುದಕ್ಕಿಂತ ಅದು ಮೇಲೆಂದೇ ನಮ್ಮ ಅಭಿಪ್ರಾಯ. ಆದರೂ 2018ರ ಜನವರಿಯ ಎತ್ತರದಿಂದ 2020ರ ಮಾರ್ಚಿನ ವೇಳೆಗೆ ನಿಫ್ಟಿ ಮಿಡ್‌ಕ್ಯಾಪ್ 100 ಸರಿಸುಮಾರು ಅರ್ಧಕ್ಕೆ ಇಳಿದಿತ್ತು. ಹಳೆಯ ಎತ್ತರವನ್ನು ಅದು ಮರಳಿ ಕಂಡದ್ದು 2021ರ ಆರಂಭದಲ್ಲಿ. ನಡುವೆ ಮೂರು ವರ್ಷ. ಮಗಳು ಗದಗಿಗೆ ಹೋಗಿ ಪದವಿ ಮುಗಿಸುವಷ್ಟು ಕಾಲ. ಅವಳ ಕಾಲೇಜಿನ ಶುಲ್ಕವಾಗಲಿ, ಮುಂಗಾರಿನ ಬೀಜದ ಹಣವಾಗಲಿ ಪೇಟೆ ಚೇತರಿಸಿಕೊಳ್ಳಲೆಂದು ಕಾಯುವುದಿಲ್ಲ.