ಒಂದೇ ಬೈಕ್ ಇಡೋರು ಹಳೇ ಯೆಜ್ಡಿ ತಗೋಬೇಡಿ

1/9

ಶೀರ್ಷಿಕೆ ನೋಡೇ ಸಿಟ್ಟು ಬಂತಾ? ಬರಲಿ. ಒಂಬತ್ತೂ ಪೋಸ್ಟ್ ಓದಿ, ಆಮೇಲೆ ಬೈಯಿರಿ.

ಈ ಪೇಜಿಗೆ ಅತಿ ಹೆಚ್ಚು ಬರೋ ಪ್ರಶ್ನೆ ಇದು: "ಅಣ್ಣಾ, ಎರಡು ಲಕ್ಷ ಜೋಡಿಸಿದ್ದೀನಿ. ರೀಸ್ಟೋರ್ ಮಾಡಿರೋ ಹಳೇ ರೋಡ್‌ಕಿಂಗ್ ತಗೊಳ್ಳಾ, ಇಲ್ಲ ಹೊಸ ಯೆಜ್ಡಿ ರೋಡ್‌ಸ್ಟರಾ?" ಕೇಳೋರಲ್ಲಿ ಬಹಳ ಜನ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗರು. ಮನೇಲಿ ಇನ್ನೊಂದು ಗಾಡಿ ಇರಲ್ಲ. ಆಫೀಸಿಗೂ ಅದೇ, ಊರಿಗೂ ಅದೇ, ರಾತ್ರಿ ಹೊತ್ತು ಅಪ್ಪಂಗೆ ಎದೆನೋವು ಅಂದ್ರೆ ಆಸ್ಪತ್ರೆಗೂ ಅದೇ.

ಅಂಥವರಿಗೆ ಕೆಳಗೆ ಜನ ಕೊಡೋ ಉತ್ತರ ನೋಡಿದ್ದೀರಲ್ಲ: "ಹಳೇದು ಚಿನ್ನ ಗುರು", "ಹೊಸದಕ್ಕೆ ಆತ್ಮ ಇಲ್ಲ", "ಸ್ಟಿಕ್ಕರ್ ಯೆಜ್ಡಿ ಬೇಡ". ಹೇಳೋಕೆ ಖರ್ಚೇನಿಲ್ಲ. ಗಾಡಿ ಓಡಿಸೋದು ಆ ಹುಡುಗ, ಕೈ ಸುಟ್ಕೊಳ್ಳೋದೂ ಅವನೇ.

ನಮ್ಮ ಉತ್ತರ ಒಂದೇ. ನಿಮ್ಮ ಹತ್ರ ಇರೋದು ಒಂದೇ ಬೈಕ್ ಆಗೋದಾದ್ರೆ ಹೊಸದು ತಗೊಳ್ಳಿ. ಯೆಜ್ಡಿನೇ ಆಗಬೇಕಂತಿಲ್ಲ, ಎಬಿಎಸ್ ಇರೋ ಯಾವ ಒಳ್ಳೇ ಗಾಡಿ ಆದ್ರೂ ಸರಿ. ಹಳೇ ಯೆಜ್ಡಿ ಎರಡನೇ ಬೈಕ್ ಆಗಬೇಕು. ಅದನ್ನ ಮೊದಲನೇದು ಮಾಡ್ಕೊಂಡ್ರೆ ನಿಮಗೂ ಕಷ್ಟ, ಆ ಗಾಡಿಗೂ ಕಷ್ಟ.

2/9

ಮೊದಲು ಬ್ರೇಕ್. ಫೋಟೋದಲ್ಲಿ ಹೊಳೀತಾ ಇದೆಯಲ್ಲ, ಆ ಮುಂದಿನ ಚಕ್ರದ ಡ್ರಮ್ಮು. ಚೆಂದ ಇದೆ, ಒಪ್ತೀವಿ. ಆದ್ರೆ ಅದು ಯಾವ ಕಾಲದ ರಸ್ತೆಗೆ ಮಾಡಿದ್ದು? ಎದುರಿಗೆ ಅಂಬಾಸಿಡರ್, ಪಕ್ಕದಲ್ಲಿ ಎತ್ತಿನಗಾಡಿ, ಹಿಂದೆ ಒಂದು ಕೆಂಪು ಬಸ್ಸು. ಇವತ್ತು ನಿಮ್ಮ ಮುಂದೆ ಹೋಗೋ ಸಾಧಾರಣ ಕಾರಿಗೂ ಡಿಸ್ಕ್ ಇದೆ, ಎಬಿಎಸ್ ಇದೆ. ಅವನು ನಿಂತಷ್ಟು ಬೇಗ ನೀವು ನಿಲ್ಲೋಕಾಗಲ್ಲ.

ಲೆಕ್ಕ ಹಾಕಿ. ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ ಹೆಚ್ಚು ಕಮ್ಮಿ 17 ಮೀಟರ್. ಬ್ರೇಕ್ ಹಿಡಿಯೋದು ಅರ್ಧ ಸೆಕೆಂಡ್ ತಡ ಆದ್ರೂ ಎರಡು ಕಾರಿನ ಉದ್ದ ಮುಂದೆ ಹೋಗಿರ್ತೀರ. ಮಳೇಲಿ ಡ್ರಮ್ಮಿಗೆ ನೀರು ಹೊಕ್ಕಿದ್ರೆ ಮೊದಲ ಸಲ ಒತ್ತಿದಾಗ ಏನೂ ಆಗಲ್ಲ, ಎರಡನೇ ಸಲ ಗಬಕ್ಕಂತ ಹಿಡಿಯುತ್ತೆ. ಓಡಿಸಿದವರಿಗೆ ಗೊತ್ತು.

125 ಸಿಸಿ ಮೇಲಿನ ಎಲ್ಲಾ ಹೊಸ ಬೈಕಿಗೂ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ ಆಗಿರೋದು ಕಂಪನಿಯವರ ಶೋಕಿಗಲ್ಲ. ಒದ್ದೆ ರಸ್ತೇಲಿ ನಾಯಿ ಅಡ್ಡ ಬಂದಾಗ ಮನುಷ್ಯ ಹೆದರಿ ಬ್ರೇಕ್ ಅದುಮಿಬಿಡ್ತಾನೆ. ಆಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋಕೆ ಅದು ಇರೋದು. "ನಾನು ಹುಷಾರಾಗಿ ಓಡಿಸ್ತೀನಿ" ಅಂತೀರಾ? ನೀವು ಹುಷಾರು ಸ್ವಾಮಿ. ನಾಯಿಗೆ ಅದು ಗೊತ್ತಿಲ್ವಲ್ಲ.

3/9

ಇದು ಚಾಮುಂಡಿ ಬೆಟ್ಟದಿಂದ ಇಳಿಯೋ ತಿರುವು. ರೀಲ್ಸ್‌ನಲ್ಲಿ ಯಾರೂ ಹೇಳದ ಒಂದು ವಿಷಯ ಇಲ್ಲಿ ಹೇಳಬೇಕು.

ಹಳೇ ಯೆಜ್ಡಿ ಟೂ ಸ್ಟ್ರೋಕ್. ಎಂಜಿನ್‌ಗೆ ಬೇಕಾದ ಆಯಿಲ್ ಪೆಟ್ರೋಲ್ ಜೊತೆ ಬೆರೆತು ಹೋಗುತ್ತೆ. ಇಳಿಜಾರಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಲ್ಲೇ ಇಳೀತೀರ ಅಂದ್ಕೊಳ್ಳಿ. ಪೆಟ್ರೋಲ್ ಹೋಗೋದು ತೀರಾ ಕಮ್ಮಿ ಆಯ್ತು. ಅದರ ಜೊತೆ ಆಯಿಲೂ ಕಮ್ಮಿ ಆಯ್ತು. ಎಂಜಿನ್ ಮಾತ್ರ ಜೋರಾಗಿ ತಿರುಗ್ತಾನೇ ಇದೆ. ಹೀಗೆ ಬಹಳ ದೂರ ಇಳಿದ್ರೆ ಪಿಸ್ಟನ್ ಹಿಡ್ಕೊಂಡು ಎಂಜಿನ್ ಸೀಜ್ ಆಗೋ ಅಪಾಯ ಇದೆ. ಸೀಜ್ ಆದ್ರೆ ಹಿಂದಿನ ಚಕ್ರ ಅಲ್ಲೇ ನಿಲ್ಲುತ್ತೆ. ತಿರುವಲ್ಲಿ ಹಾಗಾದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾ?

ಸಾಲದ್ದಕ್ಕೆ ಟೂ ಸ್ಟ್ರೋಕಲ್ಲಿ ಎಂಜಿನ್ ಬ್ರೇಕಿಂಗ್ ಬಹಳ ಕಮ್ಮಿ. ಎಲ್ಲಾ ಭಾರ ಆ ಎರಡು ಡ್ರಮ್ಮಿನ ಮೇಲೆ. ಕಾದಷ್ಟೂ ಅವುಗಳ ಹಿಡಿತ ಸಡಿಲ ಆಗುತ್ತೆ. ಬೆಟ್ಟ ಇರಲಿ, ಆಗುಂಬೆ, ಚಾರ್ಮಾಡಿ ನೆನೆಸ್ಕೊಳ್ಳಿ.

ಹಳೇ ಸವಾರರು ಇಳಿಜಾರಲ್ಲಿ ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರ್ ತಿರುವುತ್ತಿದ್ದದ್ದು ಸದ್ದು ಮಾಡಿ ಮೆರೆಯೋಕಲ್ಲ. ಎಂಜಿನ್‌ಗೆ ಒಂದು ಗುಟುಕು ಆಯಿಲ್ ಕುಡಿಸೋಕೆ. ಈ ವಿದ್ಯೆ ಗೊತ್ತಿಲ್ಲದೆ ಹಳೇ ಗಾಡಿ ಹತ್ತೋನು ಅದರ ಅಭಿಮಾನಿ ಇರಬಹುದು. ಸವಾರ ಆಗಿಲ್ಲ.

4/9

"ಹೊಸ ಯೆಜ್ಡಿ ಒರಿಜಿನಲ್ ಅಲ್ಲ, ಹೆಸರು ಕದ್ದಿದ್ದು." ಈ ಮಾತಿಗೆ ಬರೋಣ.

ಜಾವಾ ಅನ್ನೋ ಹೆಸರೇ ಎರಡು ಹೆಸರಿನ ಜೋಡಣೆ. ಯಾನೆಚೆಕ್ ಅನ್ನೋ ಜೆಕ್ ಉದ್ಯಮಿಯ ಹೆಸರಿನ ಎರಡಕ್ಷರ, ವಾಂಡರರ್ ಅನ್ನೋ ಜರ್ಮನ್ ಕಂಪನಿಯ ಎರಡಕ್ಷರ. 1929ರಲ್ಲಿ ಬಂದ ಮೊದಲ ಜಾವಾ ಬೈಕಿನ ವಿನ್ಯಾಸವೇ ವಾಂಡರರ್‌ನಿಂದ ಪಡೆದದ್ದು. ಮೈಸೂರಲ್ಲಿ ಐಡಿಯಲ್ ಜಾವಾ 1961ರಲ್ಲಿ ಬೈಕ್ ಮಾಡೋಕೆ ಶುರು ಮಾಡಿದ್ದು ಜೆಕೊಸ್ಲೊವಾಕಿಯಾದ ಲೈಸೆನ್ಸಲ್ಲಿ. ಎಪ್ಪತ್ತರ ದಶಕದಲ್ಲಿ ಬಂದ ಯೆಜ್ಡಿ ಅನ್ನೋ ಹೆಸರು ಇರಾನಿನ ಯಜ್ದ್ ಊರಿನ ನೆನಪು ಹೊತ್ತದ್ದು.

ಅಂದ್ರೆ ಜರ್ಮನಿಯ ವಿನ್ಯಾಸ, ಜೆಕ್ಕರ ಲೈಸೆನ್ಸ್, ಇರಾನಿನ ಹೆಸರು, ಮೈಸೂರಿನ ಕೈಕೆಲಸ. ನಾವು ಎದೆಗೊತ್ತಿಕೊಂಡಿರೋ ಒರಿಜಿನಲ್ ಇದು! ಆಗ ಯಾರೂ ಇದು ಕದ್ದ ಹೆಸರು ಅನ್ನಲಿಲ್ಲ. ಗಾಡಿ ಚೆನ್ನಾಗಿತ್ತು, ಓಡಿಸಿದ್ರು, ನಮ್ಮದು ಅಂದ್ರು.

2018ರಲ್ಲಿ ಜಾವಾ ಹೆಸರು, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂತು. ಹೊಸ ಎಂಜಿನ್ ಫೋರ್ ಸ್ಟ್ರೋಕ್, ಲಿಕ್ವಿಡ್ ಕೂಲಿಂಗ್, ಯೆಜ್ಡಿಯಲ್ಲಿ 334 ಸಿಸಿ. ಹಳೇದಕ್ಕೂ ಇದಕ್ಕೂ ಒಂದು ನಟ್ಟಿನ ಸಂಬಂಧವೂ ಇಲ್ಲ, ನಿಜ. ಆದ್ರೆ ಅದು ಕೆಟ್ಟ ಬೈಕ್ ಅನ್ನೋಕೆ ಅದು ಕಾರಣ ಅಲ್ಲ. ಗಾಡಿಯಲ್ಲಿ ತಪ್ಪಿದ್ರೆ ಗಾಡಿಯ ತಪ್ಪು ಹೇಳಿ. ಗೋತ್ರ ಕೇಳ್ಕೊಂಡು ಕೂರಬೇಡಿ.

5/9

"ಆದ್ರೂ ಹಳೇದು ನಮ್ಮ ಮೈಸೂರಿನದು" ಅಂತೀರ. ಈ ಮಾತು ನಮಗೂ ನಾಟುತ್ತೆ. ಯಾದವಗಿರಿಯ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕ್ತು. ಅದನ್ನ ನಂಬಿದ್ದ ಮನೆಗಳು ಈ ಊರಲ್ಲಿ ಎಷ್ಟೋ ಇದ್ವು. ಹೊಸ ಜಾವಾ, ಹೊಸ ಯೆಜ್ಡಿ ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಜಾಹೀರಾತಿಗೆ ಮೈಸೂರಿನ ನೆನಪು, ಕೆಲಸ ಮಾತ್ರ ಇನ್ನೆಲ್ಲೋ. ಇದನ್ನ ಹೇಳೋ ಹಕ್ಕು ನಮಗಿದೆ, ಹೇಳ್ತೀವಿ.

ಆದ್ರೆ ಒಂದು ಯೋಚನೆ ಮಾಡಿ. 1982ರ ರೋಡ್‌ಕಿಂಗನ್ನ ಇವತ್ತು ದಲ್ಲಾಳಿಯಿಂದ ಲಕ್ಷದ ಮೇಲೆ ಕೊಟ್ಟು ತಗೊಂಡ್ರೆ ಮೈಸೂರಿನ ಕಾರ್ಮಿಕನಿಗೆ ಎಷ್ಟು ಸೇರ್ತು? ಸೊನ್ನೆ. ಅವನಿಗೆ ಸೇರಬೇಕಾದ್ದು ಗಾಡಿ ಹೊಸದಾಗಿದ್ದಾಗಲೇ ಮುಗೀತು. ಮೈಸೂರಿನ ಕೈಗೆ ಕೆಲಸ ಕೊಡಬೇಕು ಅನ್ನೋದೇ ನಿಮ್ಮ ಅಭಿಮಾನ ಆಗಿದ್ರೆ, ಇದೇ ಮೈಸೂರಲ್ಲಿ ಟಿವಿಎಸ್ ಕಾರ್ಖಾನೆ ಇದೆ, ಅಲ್ಲಿ ಗಾಡಿ ತಯಾರಾಗ್ತಾ ಇವೆ. ಅದನ್ನ ಯಾರೂ "ನಮ್ಮ ಮೈಸೂರಿನ ಬೈಕು" ಅಂತ ಹಾಡಿ ಹೊಗಳೋದು ಕೇಳಿಲ್ಲ. ಯಾಕೆ? ಅದು ಹಳೇದಾಗಿಲ್ಲ, ಅದಕ್ಕೆ.

ನಾವು ಪ್ರೀತಿಸ್ತಾ ಇರೋದು ಊರನ್ನೋ, ಊರಿನ ಹಳೇ ಫೋಟೋನೋ?

6/9

ಈಗ ದುಡ್ಡಿನ ಮಾತು. "ಹೊಸ ಗಾಡಿ ಶೋರೂಮಿಂದ ಹೊರಗೆ ಬಂದ ತಕ್ಷಣ ಬೆಲೆ ಬಿತ್ತು, ಹಳೇದು ಏರ್ತಾ ಹೋಗುತ್ತೆ" ಅಂತಾರೆ. ಏರಬಹುದು. ಆದ್ರೆ ಏರಿದ್ದು ಕೈಗೆ ಸಿಗಬೇಕಾದ್ರೆ ಮಾರಬೇಕು. ದಿನಾ ಓಡಿಸೋ ಒಂದೇ ಗಾಡಿಯನ್ನ ಮಾರಿ ಆಫೀಸಿಗೆ ಹೇಗೆ ಹೋಗ್ತೀರಿ?

ಖರ್ಚು ನೋಡಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಬೈಕಿನ ಶುಲ್ಕ 300ರಿಂದ 1000 ರೂಪಾಯಿಗೆ ಏರ್ತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ 2000 ಆಯ್ತು. ವಿಮೆ ಕೇಳಿದ್ರೆ ಹೆಚ್ಚಾಗಿ ಸಿಗೋದು ಥರ್ಡ್ ಪಾರ್ಟಿ ಮಾತ್ರ. ಗಾಡಿ ಕಳುವಾದ್ರೆ ನಿಮ್ಮ ಲಕ್ಷಕ್ಕೆ ದೇವರೇ ಗತಿ.

"ವಿಂಟೇಜ್ ಅಂತ ನೋಂದಣಿ ಮಾಡಿಸ್ತೀನಿ" ಅನ್ನೋರೂ ಇದ್ದಾರೆ. 2021ರ ಕೇಂದ್ರ ನಿಯಮದ ಪ್ರಕಾರ ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು. 1985ರ ರೋಡ್‌ಕಿಂಗಿಗೆ ಆ ಭಾಗ್ಯ 2035ಕ್ಕೆ. ಹೊಸದಾಗಿ ನೋಂದಣಿಗೆ ಶುಲ್ಕ 20,000. ಅಷ್ಟಾದ್ಮೇಲೂ ಅದನ್ನ ದಿನನಿತ್ಯ ರಸ್ತೆಗೆ ಇಳಿಸೋ ಹಾಗಿಲ್ಲ.

ಹೂಡಿಕೆ ಮಾಡೋಕೆ ಬೇರೆ ದಾರಿ ಸಾಕಷ್ಟಿವೆ. ಬೆಲೆ ಏರಲಿ ಅಂತ ಯೆಜ್ಡಿ ತಂದು ಹಾಲ್‌ನಲ್ಲಿ ಸೋಫಾ ಪಕ್ಕ ನಿಲ್ಲಿಸೋರಿಂದಲೇ ನಿಜವಾಗಿ ಓಡಿಸೋ ಹುಡುಗರಿಗೆ ಗಾಡಿ ಸಿಗದ ಹಾಗಾಗಿರೋದು.

7/9

ಹಳೇದರ ಪರ ಒಂದು ಮಾತು ಪೂರ್ತಿ ನಿಜ, ಅದನ್ನ ಮುಚ್ಚಿಡಲ್ಲ. ಹಳೇ ಯೆಜ್ಡಿ ಕೆಟ್ರೆ ನೀವೇ ಸರಿ ಮಾಡಬಹುದು.

ಫೋಟೋದಲ್ಲಿ ಗೇರ್ ಲಿವರ್ ನೋಡಿ. ಅದನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರ್. ಗೇರ್ ಬದಲಿಸುವಾಗ ಅದೇ ಲಿವರ್ ಕ್ಲಚ್ಚನ್ನೂ ಬಿಡಿಸುತ್ತೆ, ಕೈ ಹಾಕದಿದ್ರೂ ನಡೆಯುತ್ತೆ. ಒಂದು ಸಿಲಿಂಡರ್, ಎರಡು ಸೈಲೆನ್ಸರ್. ಕವಾಟ ಇಲ್ಲ, ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಪ್ಲಗ್ ಸ್ಪ್ಯಾನರ್, ಸ್ಕ್ರೂ ಡ್ರೈವರ್, ಪಾಯಿಂಟ್ ಉಜ್ಜೋಕೆ ಒಂದು ಚೂರು ಎಮರಿ ಪೇಪರ್ ಇದ್ರೆ ರಸ್ತೆ ಬದೀಲೇ ಅರ್ಧ ರೋಗ ವಾಸಿ. ಹೊಸದರಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಒಂದು ಹಳದಿ ದೀಪ ಹೊತ್ಕೊಂಡ್ರೆ ಸರ್ವೀಸ್ ಸೆಂಟರ್ ಬಾಗಿಲಲ್ಲಿ ಕಾಯಬೇಕು. ಇದು ಹೊಸ ಗಾಡಿಗಳ ದೊಡ್ಡ ಕೊರತೆ. ಕೊಳ್ಳೋ ಮುಂಚೆ ಶೋರೂಮಿನ ಹೊಳಪು ನೋಡ್ಬೇಡಿ, ನಿಮ್ಮ ಊರಲ್ಲಿ ಸರ್ವೀಸ್ ಹೇಗಿದೆ ಅಂತ ಓಡಿಸೋರನ್ನ ಕೇಳಿ.

ಆದ್ರೆ "ನೀವೇ ಸರಿ ಮಾಡಬಹುದು" ಅನ್ನೋದರಲ್ಲಿ ಮುಖ್ಯ ಪದ "ನೀವೇ". ಪಾಯಿಂಟ್ ಗ್ಯಾಪ್ ಅಂದ್ರೆ ಏನು ಅಂತ ಗೊತ್ತಿಲ್ಲದವನಿಗೆ ಆ ಸರಳತೆಯಿಂದ ಏನು ಲಾಭ? ಯೆಜ್ಡಿ ಬಲ್ಲ ಮೇಸ್ತ್ರಿಗಳಿಗೆ ವಯಸ್ಸಾಯ್ತು. ಅವರ ಕೆಲಸ ಕಲಿತು ಮುಂದುವರಿಸೋ ಹುಡುಗರು ಬೆರಳೆಣಿಕೆ. ಗಾಡಿ ಸರಳ, ಅದನ್ನ ಬಲ್ಲ ಕೈ ಅಪರೂಪ.

8/9

ಇನ್ನು ಹೊಗೆ ಮತ್ತು ಪೆಟ್ರೋಲ್.

ಟೂ ಸ್ಟ್ರೋಕ್ ಹೊಗೆಯ ವಾಸನೆ ಅಂದ್ರೆ ನಮಗೂ ಇಷ್ಟ. ಆದ್ರೆ ಆ ವಾಸನೆ ಏನು ಗೊತ್ತಾ? ಅರ್ಧ ಸುಟ್ಟ ಆಯಿಲು, ಮತ್ತೆ ಸುಡದೇ ನೇರ ಸೈಲೆನ್ಸರ್ ಕಡೆ ಜಾರಿದ ಪೆಟ್ರೋಲು. ಭಾನುವಾರ ಬೆಳಿಗ್ಗೆ ಒಂದು ಸುತ್ತಿಗೆ ಅದು ಮಜಾ. ದಿನಾ ಸಿಗ್ನಲ್ಲಲ್ಲಿ ನಿಮ್ಮ ಹಿಂದೆ ನಿಲ್ಲೋ ಸ್ಕೂಟರ್, ಅದರ ಮುಂದೆ ನಿಂತಿರೋ ಮಗು, ಅದರ ಮುಖಕ್ಕೆ ಹೊಡೆಯೋದು ಮಜಾ ಅಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರೆ; ದಿನಾ ಓಡೋ ಹಳೇ ಯೆಜ್ಡಿ ಮನೆಗೆ ಮುದ್ದು, ಊರಿಗೆ ಮಾರಿ.

ಪೆಟ್ರೋಲೂ ಬದಲಾಗಿದೆ. ಈಗ ಬಂಕಲ್ಲಿ ಸಿಗೋದು ಶೇಕಡಾ 20 ಎಥೆನಾಲ್ ಬೆರೆತದ್ದು. ಎಥೆನಾಲ್ ನೀರನ್ನ ಎಳ್ಕೊಳ್ಳುತ್ತೆ. ನಿಲ್ಲಿಸಿಟ್ಟ ಗಾಡಿಯ ಟ್ಯಾಂಕ್ ಒಳಗೆ ತುಕ್ಕು ಹತ್ತುತ್ತೆ, ಹಳೇ ಕಾಲದ ರಬ್ಬರ್ ಪೈಪು, ವಾಷರ್‌ಗಳು ಹಾಳಾಗ್ತವೆ. ಇದನ್ನ ನೋಡ್ಕೊಳ್ಳೋಕೆ ಸಮಯ ಬೇಕು. ಬೆಳಿಗ್ಗೆ ಎಂಟೂವರೆಗೆ ಪಂಚಿಂಗ್ ಇರೋನಿಗೆ ಆ ಸಮಯ ಎಲ್ಲಿದೆ?

"ಹೊಸದು ತಗೊಂಡು ಎಕ್ಸ್‌ಪ್ರೆಸ್‌ವೇಲಿ ಹಾರಿಸ್ತೀನಿ" ಅನ್ನೋರಿಗೂ ಒಂದು ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡಲ್ಲ. ಹಳೇದಾದ್ರೂ ಅಷ್ಟೇ, ಹೊಸದಾದ್ರೂ ಅಷ್ಟೇ, ಇಬ್ಬರೂ ಸರ್ವೀಸ್ ರೋಡಲ್ಲಿ. ವೇಗಕ್ಕೆ ಹೊಸದು ತಗೊಳ್ಳಿ ಅಂತ ನಾವು ಹೇಳ್ತಾ ಇಲ್ಲ. ನಿಲ್ಲೋಕೆ ಹೊಸದು ತಗೊಳ್ಳಿ.

9/9

ಹಾಗಾದ್ರೆ ಹಳೇ ಯೆಜ್ಡಿ ಯಾರಿಗೆ?

ಮನೇಲಿ ದಿನನಿತ್ಯಕ್ಕೆ ಇನ್ನೊಂದು ಗಾಡಿ ಇರೋರಿಗೆ. ಕೈಗೆ ಗ್ರೀಸ್ ಹತ್ತಿದ್ರೆ ಮುಖ ಸಿಂಡರಿಸದವರಿಗೆ. ವಾರಕ್ಕೊಮ್ಮೆ ಆದ್ರೂ ಕಿಕ್ ಹೊಡೆದು ಹತ್ತು ಕಿಲೋಮೀಟರ್ ಓಡಿಸೋರಿಗೆ. ಆರ್‌ಸಿ, ವಿಮೆ, ಹೊಗೆ ತಪಾಸಣೆ ಮೂರೂ ಸರಿಯಾಗಿ ಇಟ್ಕೊಳ್ಳೋರಿಗೆ. ಬಣ್ಣ ಮಾಸಿದ್ರೂ ಪರವಾಗಿಲ್ಲ, ಮೊದಲು ಬ್ರೇಕ್ ಲೈನರ್ ಹೊಸದು ಹಾಕಿಸೋರಿಗೆ. ಕ್ರೋಮ್‌ಗೆ ಮೂವತ್ತು ಸಾವಿರ ಸುರಿದು ಟೈರ್ ಮಾತ್ರ ಬಿರುಕು ಬಿಟ್ಟದ್ದೇ ಓಡಿಸೋರಿಗೆ ಖಂಡಿತ ಅಲ್ಲ.

ನೀವು ಇಂಥವರಾಗಿದ್ರೆ ತಗೊಳ್ಳಿ, ಕಣ್ಣು ಮುಚ್ಚಿ ತಗೊಳ್ಳಿ. ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಎಲ್ಲರೂ ಒಟ್ಟಿಗೆ ಸದ್ದು ಮಾಡೋಣ. ಒಬ್ಬ ಹಳೇ ಮೇಸ್ತ್ರಿ ಹತ್ರ ನಾಲ್ಕು ಭಾನುವಾರ ಕೂತು ಪಾಯಿಂಟ್ ಸೆಟ್ ಮಾಡೋದು ಕಲೀರಿ. ಕಲಿಸಿದ್ದಕ್ಕೆ ಅವರಿಗೆ ದುಡ್ಡು ಕೊಡಿ. ಬರೀ ಸೆಲ್ಫಿ ತಗೊಂಡು ಬರಬೇಡಿ.

ಇಂಥವರಲ್ಲದಿದ್ರೆ, ತಮ್ಮಾ, ಈಗ ಹೊಸದು ತಗೋ. ಕಂತು ಕಟ್ಟು, ಕೆಲಸಕ್ಕೆ ಹೋಗು, ರಾತ್ರಿ ಸುಖವಾಗಿ ಮನೆಗೆ ಬಾ. ಹಳೇ ಯೆಜ್ಡಿ ನಲವತ್ತು ವರ್ಷ ಕಾದಿದೆ, ಇನ್ನೈದು ವರ್ಷ ಕಾಯುತ್ತೆ. ಅಷ್ಟರಲ್ಲಿ ಅದನ್ನ ಓಡಿಸೋದು, ಬಿಚ್ಚೋದು ಕಲ್ತಿರು. ಆಗ ಬಂದು ಕೇಳು. ಗಾಡಿ ಹುಡುಕಿ ಕೊಡೋದು ನಮ್ಮ ಜವಾಬ್ದಾರಿ.

ಈಗ ಬೈಯೋರು ಬೈಯಿರಿ. ಬೈಯೋ ಮುಂಚೆ ನಿಮ್ಮ ಗಾಡಿಯ ಮುಂದಿನ ಬ್ರೇಕ್ ಒಂದ್ಸಲ ಹಿಡಿದು ನೋಡಿ ಬನ್ನಿ.

#ಯೆಜ್ಡಿ #ಜಾವಾ #ರೋಡ್‌ಕಿಂಗ್ #ಮೈಸೂರು #ಹಳೇಗಾಡಿ #ಟೂಸ್ಟ್ರೋಕ್ #ಕನ್ನಡಬೈಕರ್ಸ್