ಮನೋರೋಗ ಆಸ್ಪತ್ರೆ: ಮನೆಗೆ ಮರಳಿದ ಮೇಲಿನ ಪರೀಕ್ಷೆ

ಯಾರಾದರೂ ಅಸಂಬದ್ಧವಾಗಿ ಮಾತನಾಡಿದರೆ ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕೆ ಕಳಿಸಬೇಕು’ ಎನ್ನುವುದುಂಟು. ಬೆಂಗಳೂರಿನ ಕಡೆ ಅದೇ ಮಾತು ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂದಾಗುತ್ತದೆ. ರಾಜ್ಯದ ಎರಡು ಪ್ರಮುಖ ಮಾನಸಿಕ ಚಿಕಿತ್ಸಾ ಕೇಂದ್ರಗಳ ಹೆಸರು ಹೀಗೆ ಕುಚೋದ್ಯಕ್ಕೆ ಬಳಕೆಯಾಗುತ್ತಿರುವ ಸಮಾಜದಲ್ಲಿ, ನಿಜಕ್ಕೂ ಅಲ್ಲಿ ದಾಖಲಾಗಿ, ಚೇತರಿಸಿಕೊಂಡು ಊರಿಗೆ ಮರಳಿದವರ ಪಾಡೇನು? ಆಸ್ಪತ್ರೆಯ ಬಾಗಿಲು ಕಳೆದ ಕೆಲವು ದಶಕಗಳಲ್ಲಿ ಸಾಕಷ್ಟು ಬದಲಾಗಿದೆ. ಆದರೆ ಅಲ್ಲಿಂದ ಮನೆಗೆ ಬರುವ ದಾರಿ ಇನ್ನೂ ದುರ್ಗಮವಾಗಿಯೇ ಉಳಿದಿದೆ.

ಬದಲಾದ ಕಾನೂನು

1912ರ ಕಾಯ್ದೆಯ ದೃಷ್ಟಿಯಲ್ಲಿ ಮನೋರೋಗಿಯು ಬಂಧನದಲ್ಲಿಡಬೇಕಾದ ವ್ಯಕ್ತಿ. ಅದರ ಸ್ಥಾನಕ್ಕೆ 1987ರ ಕಾಯ್ದೆ ಬಂತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ ರೋಗಿಯನ್ನು ಹಕ್ಕುಳ್ಳ ಪ್ರಜೆಯಾಗಿ ಕಾಣುತ್ತದೆ. ಸ್ವಇಚ್ಛೆಯಿಂದ ದಾಖಲಾದ ವಯಸ್ಕರು ಬಿಡುಗಡೆ ಕೇಳಬಹುದು. ಬಲವಾದ ಕಾರಣವಿದ್ದಲ್ಲಿ ವೈದ್ಯರು ಪರೀಕ್ಷೆಗಾಗಿ 24 ಗಂಟೆಗಳ ಕಾಲ ಮಾತ್ರ ತಡೆಯಬಹುದು. ಸ್ವತಃ ನಿರ್ಧರಿಸಲಾಗದ ಸ್ಥಿತಿಯಲ್ಲಿ, ರೋಗಿಯ ಪ್ರತಿನಿಧಿಯ ಕೋರಿಕೆಯ ಮೇರೆಗೆ ದಾಖಲು ಮಾಡಿಕೊಂಡರೆ ಅದರ ಮೊದಲ ಅವಧಿ 30 ದಿನಗಳನ್ನು ಮೀರುವಂತಿಲ್ಲ. ಈ ವಿಷಯವನ್ನು ಏಳು ದಿನಗಳೊಳಗೆ, ರೋಗಿ ಮಹಿಳೆಯಾಗಿದ್ದರೆ ಮೂರು ದಿನಗಳೊಳಗೆ, ಪರಾಮರ್ಶೆ ಮಂಡಳಿಗೆ ತಿಳಿಸಬೇಕು. ಸರಪಳಿ ಹಾಕುವುದು ಹಾಗೂ ಅರಿವಳಿಕೆ ಇಲ್ಲದೆ ವಿದ್ಯುತ್ ಕಂಪನ ಚಿಕಿತ್ಸೆ ನೀಡುವುದು ನಿಷಿದ್ಧ.

ಈ ನಿಯಮಗಳ ಹಿಂದೆ ಕಹಿ ಇತಿಹಾಸವಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಆಶ್ರಯ ತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಮೃತರ ಸಂಖ್ಯೆ 28ಕ್ಕೇರಿತು.

ವಾರ್ಡಿನ ದಿನಗಳು

ದಾಖಲಾದ ಮೊದಲ ದಿನಗಳ ನೆನಪು ಅನೇಕರಿಗೆ ಮಸುಕಾಗಿರುತ್ತದೆ. ತೀವ್ರ ಸ್ಥಿತಿಯಲ್ಲಿ ಬಂದವರಿಗೆ ಮೊದಲು ಬೇಕಾಗುವುದು ನಿದ್ರೆ. ಔಷಧದ ಪ್ರಭಾವದಿಂದ ಕೈ ನಡುಗಬಹುದು, ಮೈ ಬಿಗಿಯಬಹುದು, ಬಾಯಿ ಒಣಗಬಹುದು. ಇವು ಔಷಧದ ಅಡ್ಡಪರಿಣಾಮಗಳೆಂದೂ ಪ್ರಮಾಣ ಬದಲಿಸಿದರೆ ತಗ್ಗಬಹುದೆಂದೂ ಮೊದಲೇ ತಿಳಿಸಿ ಹೇಳದಿದ್ದರೆ, ರೋಗಿಗೆ ಚಿಕಿತ್ಸೆಯೇ ಶಿಕ್ಷೆಯಂತೆ ತೋರುತ್ತದೆ. ತನ್ನನ್ನು ಮೋಸದಿಂದ ಕರೆತಂದರೆಂಬ ನೋವು ಕಾಯಿಲೆ ಇಳಿದ ಮೇಲೂ ಉಳಿಯಬಹುದು.

ಭಾರತದಲ್ಲಿ ಈ ಏಕಾಂಗಿತನಕ್ಕೆ ಒಂದು ದೇಶೀಯ ಪರಿಹಾರ ರೂಪುಗೊಂಡಿತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳನ್ನು ಆವರಣದೊಳಗೆ ಡೇರೆಗಳಲ್ಲಿ ಇರಿಸಿ, ಅವರನ್ನೂ ಚಿಕಿತ್ಸೆಯಲ್ಲಿ ಪಾಲುದಾರರನ್ನಾಗಿಸಿದರು. ನಿಮ್ಹಾನ್ಸ್ ಸೇರಿದಂತೆ ಹಲವೆಡೆ ಬಂಧುಗಳು ರೋಗಿಯ ಜೊತೆಗಿರುವ ವ್ಯವಸ್ಥೆ ಬೆಳೆಯಿತು. ಕಾಯಿಲೆಯ ಬಗ್ಗೆ ಮನೆಯವರು ಕಲಿಯುವುದೂ ಇಲ್ಲಿಯೇ.

ಮನೆಯಲ್ಲಿ ಎರಡನೇ ಪರೀಕ್ಷೆ

ಬಿಡುಗಡೆಯ ನಂತರ ಆರಂಭವಾಗುವುದು ಇನ್ನೊಂದು ಬಗೆಯ ನಿಗಾ. ಜೋರಾಗಿ ನಕ್ಕರೆ, ರಾತ್ರಿ ತಡವಾಗಿ ಮಲಗಿದರೆ, ಆಸ್ತಿಯ ವಿಷಯದಲ್ಲಿ ತಕರಾರು ತೆಗೆದರೆ ಮನೆಯವರಿಂದ ಬರುವ ಪ್ರಶ್ನೆ ಒಂದೇ: ‘ಮಾತ್ರೆ ತೆಗೆದುಕೊಂಡೆಯಾ?’ ನ್ಯಾಯವಾದ ಸಿಟ್ಟೂ ರೋಗದ ಲಕ್ಷಣವೆನಿಸಿಕೊಳ್ಳುತ್ತದೆ. ಮನೆಯವರ ಆತಂಕ ನಿರಾಧಾರವಲ್ಲ. ಗುಣವಾಯಿತೆಂದು ಔಷಧ ನಿಲ್ಲಿಸುವುದು ಕಾಯಿಲೆ ಮರುಕಳಿಸಲು ಮುಖ್ಯ ಕಾರಣಗಳಲ್ಲೊಂದು. ಆದರೆ ಮಾತ್ರೆಯಿಂದ ಬೆಳಿಗ್ಗೆ ಏಳಲಾಗುತ್ತಿಲ್ಲ, ತೂಕ ಹೆಚ್ಚುತ್ತಿದೆ ಎಂಬ ದೂರನ್ನು ಹಠವೆಂದು ತಳ್ಳಿಹಾಕಿದರೆ, ಮಾತ್ರೆ ಗುಟ್ಟಾಗಿ ಕಸದಬುಟ್ಟಿ ಸೇರುತ್ತದೆ. ಆ ದೂರು ವೈದ್ಯರಿಗೆ ತಲುಪಬೇಕು.

ವೈದ್ಯರು ಹತ್ತಿರದಲ್ಲಿರಬೇಕೆಂಬ ಅಂಶ ಇಲ್ಲಿ ನಿರ್ಣಾಯಕ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು, ಪ್ರಾಥಮಿಕ ಆರೋಗ್ಯ ಕೇಂದ್ರದ ತರಬೇತಿ ಪಡೆದ ವೈದ್ಯರಿಂದಲೂ ಈ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಮುಂದೆ ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಚಿಕಿತ್ಸಾಲಯಗಳನ್ನು ತಂದಿತು. ದಿನಗೂಲಿ ಕಳೆದುಕೊಂಡು ಬೆಂಗಳೂರಿಗೆ ಪ್ರಯಾಣಿಸಬೇಕಾದ ಕುಟುಂಬಕ್ಕೆ ತಾಲ್ಲೂಕಿನಲ್ಲೇ ಔಷಧ ದೊರೆಯುವುದೆಂದರೆ ಮರುದಾಖಲು ತಪ್ಪುವ ಸಾಧ್ಯತೆ. ಔಷಧದ ದಾಸ್ತಾನು ಒಂದು ತಿಂಗಳು ತಪ್ಪಿದರೂ ಆ ಭರವಸೆ ಕುಸಿಯುತ್ತದೆ.

ದಾಖಲಾತಿ ತೀರ್ಪಲ್ಲ

2017ರ ಕಾಯ್ದೆಯಲ್ಲಿ ಹೆಚ್ಚು ಚರ್ಚೆಗೆ ಬಾರದ ಮಾತೊಂದಿದೆ. ಹಿಂದೆ ಆಸ್ಪತ್ರೆಗೆ ದಾಖಲಾಗಿದ್ದರು ಎಂಬುದಷ್ಟೇ ಆ ವ್ಯಕ್ತಿಗೆ ಈಗಲೂ ಮಾನಸಿಕ ಕಾಯಿಲೆಯಿದೆ ಎನ್ನಲು ಆಧಾರವಾಗದು. ಕಾಯಿಲೆಯಿದ್ದ ಮಾತ್ರಕ್ಕೆ ಬುದ್ಧಿಸ್ವಾಧೀನವಿಲ್ಲ ಎಂದೂ ಆಗದು. ಅದನ್ನು ಹೇಳಬೇಕಾದುದು ನ್ಯಾಯಾಲಯ. ದೈಹಿಕ ಕಾಯಿಲೆಗಳಿಗೆ ಸಮನಾಗಿ ವಿಮೆ ನೀಡಬೇಕೆಂದೂ ಕಾಯ್ದೆ ಹೇಳುತ್ತದೆ. ಮಾನಸಿಕ ಅಸ್ವಸ್ಥತೆಯುಳ್ಳ ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ 2021ರ ಡಿಸೆಂಬರ್‌ನಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಅಂಥವರ ವಿರುದ್ಧದ ಶಿಸ್ತುಕ್ರಮ ಪರೋಕ್ಷ ತಾರತಮ್ಯದ ಒಂದು ರೂಪವೆಂದಿತು.

ಕಾನೂನು ಇಷ್ಟು ಮುಂದೆ ಹೋಗಿದ್ದರೂ ಮದುವೆಯ ಮಾತುಕತೆಯಲ್ಲಿ, ಬಾಡಿಗೆ ಮನೆಯ ಹುಡುಕಾಟದಲ್ಲಿ, ನೌಕರಿಯ ಸಂದರ್ಶನದಲ್ಲಿ ಹಳೆಯ ಡಿಸ್ಚಾರ್ಜ್ ಚೀಟಿ ಬಚ್ಚಿಡಬೇಕಾದ ವಸ್ತುವಾಗಿಯೇ ಇದೆ. ಬಚ್ಚಿಡುವ ಅನಿವಾರ್ಯತೆಯೇ ಔಷಧ ತಪ್ಪಿಸುವುದಕ್ಕೂ ಕಾರಣವಾಗುತ್ತದೆ. ಕುಟುಂಬವೇ ಕೈಬಿಟ್ಟವರ ಸ್ಥಿತಿ ಇನ್ನೂ ಕಠಿಣ. ಮನೆಯವರು ಒಪ್ಪುತ್ತಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ ಎನ್ನುತ್ತದೆ ಕಾಯ್ದೆ. ಮಧ್ಯಂತರ ವಸತಿಗಳ ಹೊಣೆಯನ್ನು ಸರ್ಕಾರಕ್ಕೆ ವಹಿಸುತ್ತದೆ. ಅಂಥ ವಸತಿ ಇಲ್ಲದೆಡೆ ‘ಬಿಡುಗಡೆ’ ಎಂಬ ಪದಕ್ಕೆ ಅರ್ಥವಿಲ್ಲ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಸಲಹೆ ದೊರೆಯುತ್ತದೆ. ಆದರೆ ಕೆಲಸ, ಸೂರು ಮತ್ತು ನಂಬಿಕೆಯನ್ನು ದೂರವಾಣಿ ಕೊಡಲಾರದು. ವೈದ್ಯರು ಗುಣಪಡಿಸಿ ಕಳಿಸಿದವರಿಗೆ ಇವುಗಳನ್ನು ಒದಗಿಸಬೇಕಾದ ಹೊಣೆ ಸರ್ಕಾರದ್ದು, ಉದ್ಯೋಗದಾತರದ್ದು ಮತ್ತು ನೆರೆಹೊರೆಯದ್ದು.