ಸುಮ್ಮನಿರೋ ಸ್ಕ್ರಿಪ್ಟ್

‘ಅಲರ್ಟ್ ಬಂದಿಲ್ಲ ಅಂದ್ರೆ ಎಲ್ಲಾ ಸರಿಯಿದೆ ಅಂತ ತಾನೇ?’ ಬೆಂಗಳೂರಿನ ಆಫೀಸಿನಿಂದ ಈ ಮಾತು ಬಂದಾಗಲೆಲ್ಲ ದುರ್ಗಿಗುಡಿಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ನನಗೆ ಮೈ ಉರಿಯುತ್ತದೆ. ಅಲ್ಲ ಸ್ವಾಮಿ. ಅಲರ್ಟ್ ಬಂದಿಲ್ಲ ಅಂದ್ರೆ ಅಲರ್ಟ್ ಬಂದಿಲ್ಲ ಅಂತಷ್ಟೇ ಅರ್ಥ.

ಮೊನ್ನೆ ರಿಪೇರಿಗೆ ಬಂದ ಸ್ಕ್ರಿಪ್ಟನ್ನೇ ನೋಡಿ. ಲಾಗ್ ಫೈಲ್ ಕಾಯೋಕೆ ಟೇಲ್, ಅದಕ್ಕೆ ಕೊಟ್ಟಿದ್ದು ಚಿಕ್ಕ ಎಫ್. ಮಧ್ಯರಾತ್ರಿ ಲಾಗ್‌ರೊಟೇಟ್ ಹಳೇ ಫೈಲಿನ ಹೆಸರು ಬದಲಿಸಿ, ಅದೇ ಹೆಸರಲ್ಲಿ ಹೊಸದೊಂದನ್ನು ಇಡುತ್ತದೆ. ಟೇಲ್ ಮಾತ್ರ ತಾನು ಮೊದಲು ತೆರೆದ ಫೈಲಿಗೇ ಅಂಟಿಕೊಂಡಿರುತ್ತದೆ, ಜನ ಖಾಲಿ ಮಾಡಿಹೋದ ಮನೆಯನ್ನು ಕಾಯುವ ನಾಯಿಯ ಹಾಗೆ. ಹೊಸ ಫೈಲಿನಲ್ಲಿ ಎರರ್‌ಗಳ ರಾಶಿ. ಡ್ಯಾಶ್‌ಬೋರ್ಡ್ ಹಸಿರು. ಬೆಳಿಗ್ಗೆ, ನೈಟ್ ಶಿಫ್ಟಿನಲ್ಲಿದ್ದ ಹುಡುಗಿಗೆ ‘ಯಾಕೆ ಗಮನಿಸಲಿಲ್ಲ’ ಅಂತ ಮೇಲ್.

ದೊಡ್ಡ ಎಫ್ ಹಾಕಿದರೆ ಟೇಲ್ ಫೈಲಿನ ಹೆಸರನ್ನೇ ಹಿಂಬಾಲಿಸುತ್ತದೆ, ಒಂದಕ್ಷರದ ಕೆಲಸ. ನನ್ನ ಜಗಳ ಇರೋದು ಪಕ್ಕದ ಕ್ರಾನ್ ಸ್ಕ್ರಿಪ್ಟಿನ ಜೊತೆ. ಗ್ರೆಪ್ ಹುಡುಕಿದ್ದು ಸಿಕ್ಕರೆ 0 ಕೊಡುತ್ತದೆ, ಸಿಗದಿದ್ದರೆ 1. ಫೈಲೇ ಇಲ್ಲ, ಓದೋಕೆ ಪರ್ಮಿಷನ್ ಇಲ್ಲ ಅಂದ್ರೆ 2. ಇಲ್ಲಿ 0 ಬಿಟ್ಟು ಮಿಕ್ಕಿದ್ದೆಲ್ಲ ‘ಓಕೆ’! ‘ಹುಡುಕಿದೆ, ಏನೂ ಇಲ್ಲ’ ಅನ್ನೋದಕ್ಕೂ ‘ನಂಗೆ ಕಣ್ಣೇ ಕಾಣ್ತಿಲ್ಲ’ ಅನ್ನೋದಕ್ಕೂ ಒಂದೇ ಹಸಿರು ದೀಪ. ಇದು ಬಗ್ ಅಲ್ಲ, ಕೆಟ್ಟ ಸುದ್ದಿ ಬೇಡವೆನ್ನುವ ಆಫೀಸಿನ ಸ್ವಭಾವ.

2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ರಾಜ್ಯಗಳಲ್ಲೂ ಕೆನಡಾದಲ್ಲೂ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. ಕಾರಣ ಹಲವು. ಆದರೆ ಒಹಾಯೊದ ಕಂಟ್ರೋಲ್ ರೂಮಿನಲ್ಲಿ ಅಲಾರಂ ಸಾಫ್ಟ್‌ವೇರ್ ಅದಕ್ಕೂ ಸುಮಾರು ಎರಡು ಗಂಟೆ ಮೊದಲೇ ಸದ್ದಿಲ್ಲದೆ ನಿಂತಿತ್ತು. ಲೈನುಗಳು ಮರಕ್ಕೆ ತಗುಲಿ ಒಂದೊಂದಾಗಿ ಟ್ರಿಪ್ ಆಗುತ್ತಿದ್ದರೂ ಅಲ್ಲಿನವರಿಗೆ ಅಲಾರಂ ಕೇಳಲಿಲ್ಲ. ಏನೂ ಆಗಿಲ್ಲ ಅಂದುಕೊಂಡರು.

ರಾತ್ರಿ ಗಸ್ತಿನ ಗೂರ್ಖಾ ಕಳ್ಳ ಬಂದಾಗ ಮಾತ್ರ ಸೀಟಿ ಊದೋದಿಲ್ಲ, ಸುತ್ತು ಬಂದಾಗಲೆಲ್ಲ ಊದುತ್ತಾನೆ. ಸ್ಕ್ರಿಪ್ಟೂ ಹಾಗೇ ಐದು ನಿಮಿಷಕ್ಕೊಮ್ಮೆ ‘ಇದ್ದೀನಿ’ ಅನ್ನಲಿ, ಅನ್ನದಿದ್ದರೆ ಬೇರೆ ಮೆಷಿನ್ ಕೂಗಲಿ. ದಿನಕ್ಕೊಂದು ಸುಳ್ಳು ಎರರ್ ಲಾಗಿಗೆ ಬರೆದು, ಅಲರ್ಟ್ ಬರುತ್ತಾ ನೋಡಿ. ಇದಕ್ಕೆಲ್ಲ ಟೈಮಿಲ್ವಂತೆ. ಮೇಲ್ ಬರೆಯೋಕೆ ಇತ್ತಲ್ಲ? ಅದನ್ನು ಆ ಹುಡುಗಿಗೆ ಕಳಿಸೋ ಮುಂಚೆ, ಟೇಲ್ ಯಾವ ಫೈಲ್ ಹಿಡಿದು ಕೂತಿತ್ತು ಅಂತ ಒಬ್ಬರಾದರೂ ನೋಡಿದ್ರಾ?